ಇಳಿಯುವ ನೀರು

ನನ್ನ ಅಂಜಿಕೆಗೆ ನಮ್ಮ ಮನೆಯಲ್ಲಿ ಬೆಲೆ ಇಲ್ಲ. ದಿನಾ ಪೇಟೆಗೆ ಬರುವ ಸರಕಿಗೆ ಯಾರು ತಾನೆ ಬೆಲೆ ಕಟ್ಟುತ್ತಾರೆ? ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬೀದಿಯ ಕೊನೆಯಿಂದ ಮರಳಿ ಬರುವವಳು ನಾನು. ಮಗಳು ಸ್ನೇಹಾ ಬ್ಯಾಡಗಿಯಿಂದ ಹಾವೇರಿಗೆ ಕಾಲೇಜಿಗೆ ಹೋಗಿಬರುತ್ತಾಳೆ. ಬಸ್ಸು ಸ್ವಲ್ಪ ತಡವಾದರೆ ಸಾಕು, ನಾನು ಗೇಟಿನ ಹತ್ತಿರ ನಿಂತಿರುತ್ತೇನೆ. "ಪ್ರೇಮವ್ವ ಅಂಜಿದಳಂದ್ರ ಏನೂ ಆಗಂಗಿಲ್ಲ ಅಂತ ಗ್ಯಾರಂಟಿ," ಎಂದು ಮಾವ ನಗುತ್ತಾರೆ. ಅವರ ನಗೆಯಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಎಷ್ಟೋ ಸಲ ಅದನ್ನು ಕೇಳಿಯೇ ನನಗೆ ಸಮಾಧಾನವಾಗಿದೆ.

ಆ ವರ್ಷ ದಸರಾ ರಜೆಯಲ್ಲಿ ನಾವು ಐದೂ ಜನ ಕಡಲು ನೋಡಲು ಹೋಗಿದ್ದೆವು. ನಾನು, ನನ್ನ ಯಜಮಾನರು ಪುಂಡಲೀಕ, ಸ್ನೇಹಾ, ಮಾವ ಹೊಳಿಯಪ್ಪನವರು, ಅತ್ತೆ ದೇವವ್ವನವರು. ಮೆಣಸಿನಕಾಯಿಯ ಸುಗ್ಗಿ ಶುರುವಾಗಲು ಇನ್ನೂ ಎರಡು ತಿಂಗಳಿತ್ತು. ನಮ್ಮ ಅಂಗಡಿಯಲ್ಲಿ ನೊಣ ಹೊಡೆಯುವುದು ಬಿಟ್ಟರೆ ಕೆಲಸವಿರಲಿಲ್ಲ. ನಮ್ಮಿಂದ ಪ್ರತಿವರ್ಷ ಕಾಯಿ ಕೊಳ್ಳುವ ಕುಮಟೆಯ ಕಡೆಯ ವ್ಯಾಪಾರಿಯೊಬ್ಬರು ಪ್ರವಾಸಿಗಳಿಗೆಂದು ಅಳಿವೆಯ ದಂಡೆಯಲ್ಲಿ ಒಂದು ಮನೆ ಕಟ್ಟಿಸಿದ್ದರು. ನದಿ ಬಂದು ಕಡಲು ಸೇರುವ ಬಾಯಿಗೆ ಅಳಿವೆ ಎನ್ನುತ್ತಾರೆ. "ಒಮ್ಮೆ ಬನ್ನಿ, ಬನ್ನಿ," ಎಂದು ಅವರು ಕರೆಯುತ್ತಲೇ ಇದ್ದರು.

ನಾವು ಹೋದ ಮರುದಿನ ನಸುಕಿನಲ್ಲೇ ಅವರ ಭಾವನಿಗೆ ಮಂಗಳೂರಿನಲ್ಲಿ ಆಪರೇಷನ್ ಎಂದು ಫೋನು ಬಂತು. ಬೀಗದ ಕೈ ನಮ್ಮ ಕೈಗಿಟ್ಟು, "ಎಲ್ಲಾ ನಿಮ್ಮದೇ ಅಂತ ತಿಳ್ಕೊಳ್ಳಿ. ಆ ಕಯಾಕ್ ಬೇಕಿದ್ದರೆ ತೆಗೀರಿ. ನೀರು ನೋಡ್ಕೊಂಡು ಇಳೀರಿ, ಅಷ್ಟೇ," ಎಂದು ಹೇಳಿ ಹೊರಟುಹೋದರು.

ನೀರಿನಲ್ಲಿ ಏನು ನೋಡಬೇಕು ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಕೇಳುವ ಅಗತ್ಯ ಕಾಣಲಿಲ್ಲ. ನೀರು ನೋಡಲು ನಮ್ಮ ಜೊತೆ ಮಾವ ಇದ್ದರು.

ಮಾವ ಹುಟ್ಟಿದ್ದು ರಾಣೆಬೆನ್ನೂರು ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಊರಿನಲ್ಲಿ. ಸೇತುವೆ ಆಗುವ ತನಕ ಅವರ ಅಪ್ಪ, ಆಮೇಲೆ ಅವರು, ತೆಪ್ಪ ಹಾಕಿ ಈಚೆಯ ಜನರನ್ನು ಆಚೆ ದಾಟಿಸುತ್ತಿದ್ದರು. ಸೇತುವೆಯಾದ ಮೇಲೆ ಬ್ಯಾಡಗಿಗೆ ಬಂದು ಮೆಣಸಿನಕಾಯಿ ಹಿಡಿದರು. ಅಂಗಡಿ ಬೆಳೆಯಿತು, ಮನೆಯಾಯಿತು, ಆದರೆ ಮಾತು ಮಾತ್ರ ಹೊಳೆಯ ದಂಡೆಯಲ್ಲೇ ಉಳಿಯಿತು. ಸ್ನೇಹಾ ಆ ಕತೆಗಳನ್ನು ಕೇಳುತ್ತ ಬೆಳೆದವಳು. ನನ್ನ ತವರುಮನೆ ಮೋಟೆಬೆನ್ನೂರಿನ ಬಾವಿಯಲ್ಲಿ ಅವಳು ಈಜು ಕಲಿತದ್ದೂ ಅಜ್ಜನ ಒತ್ತಾಯಕ್ಕೆ. ಆದರೆ ಅಜ್ಜನ ಜೊತೆ ಒಂದು ಸಲವೂ ನೀರಿನ ಮೇಲೆ ಕೂತವಳಲ್ಲ. ಅವಳು ಹುಟ್ಟುವ ಹೊತ್ತಿಗೆ ತೆಪ್ಪ ಒಣಗಿ ಕಟ್ಟಿಗೆಯಾಗಿತ್ತು.

ಕಯಾಕ್ ಎಂದರೆ ಇಬ್ಬರು ಒಬ್ಬರ ಹಿಂದೊಬ್ಬರು ಕೂರುವಂಥ, ಕೆಂಪು ಪ್ಲಾಸ್ಟಿಕ್ಕಿನ ಸಣ್ಣ ದೋಣಿ. ಎರಡೂ ತುದಿ ಚೂಪು.

"ಅಯ್ಯ, ಇದೇನ ಕಡ್ಡಿ ಮೆಣಸಿನಕಾಯಿ ಇದ್ದಂಗ ಐತೆಲ್ಲ," ಎಂದರು ಅತ್ತೆ. "ತೊಟ್ಟು ಒಂದು ಇಲ್ಲ ನೋಡು."

"ಅಜ್ಜಾ, ನಾ ಮುಂದ, ನೀ ಹಿಂದ," ಎಂದಳು ಸ್ನೇಹಾ. "ಆಚೆ ದಂಡಿ ಮುಟ್ಟಿ ಬರೂಣು."

ಮಾವ ದೋಣಿಯ ಬೆನ್ನು ಸವರಿ ನೋಡಿದರು, ಎತ್ತಿನ ಜೋಡಿ ಕೊಳ್ಳುವವರ ಹಾಗೆ. ಅವರ ಮುಖದಲ್ಲಿ ಅಂಥ ಹುರುಪನ್ನು ನಾನು ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ. "ಮೊದಲ ನೀರು ಏನ ಅಂತೈತಿ ಕೇಳೂಣು," ಎಂದು ಅವರು ಬೇಲಿಯಿಂದ ಒಂದು ಕಡ್ಡಿ ಕಿತ್ತು ತಂದು, ನೀರು ಎಲ್ಲಿಗೆ ಮುಟ್ಟಿತ್ತೋ ಅಲ್ಲಿಗೇ ಸರಿಯಾಗಿ ಮರಳಿನಲ್ಲಿ ನೆಟ್ಟರು.

ಇದು ತೆಪ್ಪದವರ ಪದ್ಧತಿ. ಮಳೆಗಾಲದಲ್ಲಿ ನೀರಿನ ಅಂಚಿಗೆ ಗೂಟ ನೆಟ್ಟು ಒಂದು ಬೀಡಿ ಸೇದುವಷ್ಟು ಹೊತ್ತು ಕೂಡುವುದು. ನೀರು ಗೂಟ ದಾಟಿ ಮೇಲೇರಿದರೆ ಮೇಲೆಲ್ಲೋ ಮಳೆಯಾಗಿದೆ, ಹೊಳೆ ಬರುತ್ತಿದೆ, ಅವತ್ತು ತೆಪ್ಪ ಹಾಕಬಾರದು. ಗೂಟ ಬಿಟ್ಟು ಕೆಳಗೆ ಸರಿದರೆ ಹೊಳೆ ಶಾಂತವಾಗುತ್ತಿದೆ, ಹೊರಡಬಹುದು. ಮಾವನ ಅಪ್ಪ ಈ ಲೆಕ್ಕ ಬಿಟ್ಟು ಒಂದು ದಿನವೂ ನೀರಿಗಿಳಿದವರಲ್ಲವಂತೆ, ಒಬ್ಬ ಮನುಷ್ಯನನ್ನೂ ಕಳೆದುಕೊಂಡವರಲ್ಲವಂತೆ.

ನಾವು ಚಹಾ ಕುಡಿದು ಬರುವಷ್ಟರಲ್ಲಿ ಗೂಟದ ಕಾಲು ಮುಳುಗಿತ್ತು.

"ಏರಾಕತ್ತೈತಿ," ಎಂದರು ಮಾವ. "ಬ್ಯಾಡ."

"ಅಜ್ಜಾ, ನೀರು ಎಷ್ಟ ತಣ್ಣಗೈತಿ ನೋಡು. ಒಂದ ತೆರಿ ಸೈತ ಇಲ್ಲ."

"ಏರೋ ನೀರು ನಕ್ಕೋತನ ಬರ್ತೈತವ್ವ. ಬ್ಯಾಡಂದ್ರ ಬ್ಯಾಡ."

ನಿಜಕ್ಕೂ ಅಳಿವೆ ಕೆರೆಯ ಹಾಗೆ ಸಪಾಟಾಗಿತ್ತು. ಕಡಲಿನ ಬಾಯಿಯ ಕಡೆಯೂ ಬಿಳುಪೆಂಬುದು ಇರಲಿಲ್ಲ. ಆದರೂ ನನಗೆ ಒಳಗೊಳಗೇ ಸಂತೋಷವಾಯಿತು. ನಾನು ಬೇಡವೆನ್ನುವ ಮೊದಲೇ ಬೇರೆಯವರು ಬೇಡವೆಂದಿದ್ದರು. ಹಾಯಾಗಿ ದಂಡೆಯ ಮೇಲೆ ಕೂತು, ಕೂತಲ್ಲಿ ನನಗಿರುವ ಚಟದಂತೆ ಒಂದೊಂದನ್ನೇ ನೋಡುತ್ತ ಹೋದೆ. ಆಚೆ ದಂಡೆಯ ತೆಂಗಿನ ಸಾಲು. ಮೇಲುಗಡೆಯಿಂದ ತೇಲಿ ಬಂದು ದಂಡೆಗೆ ಸಿಕ್ಕಿದ್ದ ಬಾಳೆಯ ದಿಂಡು. ನಡುನೀರಿನಲ್ಲಿ ಮೂತಿಗೆ ಹಗ್ಗ ಕಟ್ಟಿ ನಿಲ್ಲಿಸಿದ್ದ ಒಂದು ನೀಲಿ ಮೀನುದೋಣಿ. ಅದರ ಮೂತಿ ಕಡಲಿನ ಕಡೆಗಿತ್ತು.

ಊರಿಂದ ಕಟ್ಟಿಕೊಂಡು ಬಂದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಸ್ನೇಹಾ ಮುಖ ಊದಿಸಿಕೊಂಡು ತಿಂದಳು. ಊಟ ಮುಗಿದು ಮಾವ ಮತ್ತೆ ನೀರಿನ ಕಡೆ ಹೋದರು. ನೀರು ಏರುವುದು ನಿಂತಿತ್ತು. ಅವರು ಹೊಸ ಗೂಟ ನೆಟ್ಟರು, ಎಲೆಯಡಿಕೆ ಹಾಕಿಕೊಂಡು ಅದರ ಪಕ್ಕದಲ್ಲೇ ಕೂತರು. ಸ್ವಲ್ಪ ಹೊತ್ತಿಗೆ ಅವರ ಕೂಗು ಕೇಳಿತು.

"ಸ್ನೇಹಾ! ಏಳ, ಲಗೂ! ಇಳೀತು ನೋಡು!"

ಗೂಟದ ಮುಂದೆ ಒಂದು ಗೇಣು ಒದ್ದೆ ಮರಳು ಕಾಣುತ್ತಿತ್ತು. ಎಲ್ಲರೂ ಎದ್ದೆವು. ಯಜಮಾನರು ಕಯಾಕನ್ನು ಎಳೆದು ಮುಂದಿನ ಅರ್ಧವನ್ನು ನೀರಿಗೆ ಬಿಟ್ಟರು. ಕಯಾಕಿನ ಜೊತೆ ಇಟ್ಟಿದ್ದ ಕಿತ್ತಲೆ ಬಣ್ಣದ ಲೈಫ್ ಜಾಕೆಟ್ಟನ್ನು ಸ್ನೇಹಾಳಿಗೆ ತೊಡಿಸಿ ಪಟ್ಟಿಗಳನ್ನು ನಾನೇ ಬಿಗಿದೆ. ಮಾವನ ಜಾಕೆಟ್ಟು ಅವರ ಧೋತರದ ಮೇಲೆ ವಿಚಿತ್ರವಾಗಿ ಕಾಣುತ್ತಿತ್ತು.

"ಮದಿವಿ ಗಂಡ ಆಗೀರಿ ಬಿಡ್ರಿ," ಎಂದರು ಅತ್ತೆ. "ಬಾಸಿಂಗ ಒಂದು ಕಡಿಮಿ."

ನಾನೂ ನಕ್ಕೆ. ನಗುತ್ತಲೇ ತಲೆ ಎತ್ತಿದಾಗ ಆ ನೀಲಿ ದೋಣಿ ಕಣ್ಣಿಗೆ ಬಿತ್ತು.

ಅದರ ಮೂತಿ ತಿರುಗಿತ್ತು. ಆಗ ಕಡಲು ನೋಡುತ್ತಿದ್ದದ್ದು ಈಗ ಕಡಲಿಗೆ ಬೆನ್ನು ಕೊಟ್ಟು ನಿಂತಿತ್ತು. ಹಗ್ಗ ಬಿಗಿಯಾಗಿತ್ತು, ಮೂತಿಯ ಹತ್ತಿರ ನೀರು ಸೀಳಿ ಎರಡೂ ಕಡೆ ಗೆರೆ ಎಳೆಯುತ್ತಿತ್ತು. ದೋಣಿ ತಾನು ನಿಂತಲ್ಲೇ ಓಡುತ್ತಿರುವ ಹಾಗೆ. ಗಾಳಿ ಇರಲಿಲ್ಲ. ಅಂದರೆ ಅದನ್ನು ತಿರುಗಿಸಿದ್ದು ನೀರು. ಕಡಲಿನ ಬಾಯಿಯ ಕಡೆ ನೋಡಿದೆ. ಬೆಳಿಗ್ಗೆ ಏನೂ ಇಲ್ಲದಿದ್ದಲ್ಲಿ ಈಗ ಈ ತುದಿಯಿಂದ ಆ ತುದಿಗೆ ಒಂದು ಬಿಳಿಯ ಸಾಲು ಏಳುತ್ತಿತ್ತು, ಒಡೆಯುತ್ತಿತ್ತು, ಮತ್ತೆ ಏಳುತ್ತಿತ್ತು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಉಬ್ಬರ ಇಳಿತದ ಪಾಠವನ್ನು ಪ್ರತಿವರ್ಷ ಮಾಡುತ್ತೇನೆ; ಚಂದ್ರ, ಭೂಮಿ, ಸುತ್ತ ಮೊಟ್ಟೆಯಾಕಾರದ ನೀರು. ನಾನೂ ಕಡಲು ನೋಡಿರಲಿಲ್ಲ, ನನ್ನ ತರಗತಿಯ ಮಕ್ಕಳೂ ನೋಡಿರಲಿಲ್ಲ, ಚಿತ್ರ ಬರೆದು ಅಳಿಸುತ್ತಿದ್ದೆವು. ಸೀಗಿ ಹುಣ್ಣಿಮೆಗೆ ಎರಡೋ ಮೂರೋ ದಿನ ಉಳಿದಿತ್ತು. ನೀರಿನ ಎಳೆತ ಜೋರಾಗಿರುವ ದಿನಗಳು. ಈ ನೀರು ಹೊಳೆ ತಣ್ಣಗಾಗಿ ಇಳಿಯುತ್ತಿಲ್ಲ, ಕಡಲು ತನ್ನ ಪಾಲನ್ನು ವಾಪಸು ಎಳೆದುಕೊಳ್ಳುತ್ತಿದೆ, ಜೊತೆಗೆ ಹೊಳೆಯ ನೀರನ್ನೂ. ಎಳೆದುಕೊಂಡು ಹೋಗುವುದು ಆ ಬಿಳಿಯ ಸಾಲಿನೊಳಗೆ. ಆಚೆ ದಂಡೆ ಮುಟ್ಟುವ ಮೊದಲೇ ಇವರಿಬ್ಬರೂ ಅಲ್ಲಿರುತ್ತಾರೆ.

ಸ್ನೇಹಾ ಆಗಲೇ ಮುಂದೆ ಕೂತಿದ್ದಳು.

"ಮಾವಾರ, ಸ್ವಲ್ಪ ತಡೀರಿ," ಎಂದೆ.

"ಬಂತು ಅಂಜಿಕಿ," ಎಂದರು ಯಜಮಾನರು. "ನಾ ಅನ್ಕೊಂಡಿದ್ದೆ, ಇನ್ನ ಯಾಕ ಬರಲಿಲ್ಲ ಅಂತ."

"ಚೇಷ್ಟಿ ಅಲ್ಲರಿ. ಈ ನೀರು ಸಮುದ್ರದ ಕಡೆ ಎಳ್ಯಾಕತ್ತೈತಿ. ಆ ದೋಣಿ ತಿರುಗೇತಿ ನೋಡ್ರಿ."

"ದೋಣಿ ತಿರಗಲಾರದ ಏನ ಮಾಡ್ತೈತಿ, ಅದೇನ ಮನಿಯೇನು?" ಎಂದರು ಅವರು.

ಮಾವ ನಗುತ್ತ ನನ್ನ ಕಡೆ ತಿರುಗಿದರು. "ಏರೋ ನೀರಿಗೂ ಅಂಜ್ತೀದಿ, ಇಳಿಯೋ ನೀರಿಗೂ ಅಂಜ್ತೀದಿ. ನಿನಗ ನೀರು ಬಾವ್ಯಾಗ ನಿಂತಂಗ ನಿಂದರಬೇಕೇನ ಪ್ರೇಮವ್ವ?"

"ಮಮ್ಮಿ, ಜಾಕೆಟ್ ಐತಿ. ಈಸು ಬರ್ತೈತಿ. ಇನ್ನೇನ ಬೇಕು?" ಎಂದಳು ಸ್ನೇಹಾ.

ಬಾಯಿ ಬಿಟ್ಟರೆ ಪಾಠ ಶುರುವಾಗುತ್ತಿತ್ತು, ಚಂದ್ರನಿಂದ. ಅದನ್ನು ಯಾರು ಕೇಳುತ್ತಾರೆ? ಇಷ್ಟು ವರ್ಷ ಬಸ್ಸಿಗೂ ಗ್ಯಾಸಿಗೂ ಖರ್ಚು ಮಾಡಿದ ಅದೇ ಮಾತುಗಳು, ಅದೇ ದನಿ. ಇದು ಬೇರೆ ಅಂಜಿಕೆ ಎಂದು ಹೇಳಲು ನನ್ನ ಹತ್ತಿರ ಬೇರೆ ದನಿಯೇ ಇರಲಿಲ್ಲ. ಮಾವ ಒಂದು ಕಾಲನ್ನು ಕಯಾಕಿನೊಳಗೆ ಇಟ್ಟರು.

"ಮಾವಾರ," ಎಂದೆ, ಈ ಸಲ ಕೂಗದೆ. "ತುಂಗಭದ್ರಾದಾಗ ಸೆಳವು ಎಷ್ಟೈತಿ ಅಂತ ಹೆಂಗ ನೋಡ್ತಿದ್ರಿ? ಗೂಟದಾಗ ಅದು ಗೊತ್ತಾಗ್ತಿತ್ತೇನು?"

ಅವರು ಕಾಲನ್ನು ಅಲ್ಲೇ ಇಟ್ಟು ನಿಂತರು. ಅವರ ಹೊಳೆಯ ಬಗ್ಗೆ ಕೇಳಿದರೆ ಅವರು ಉತ್ತರ ಕೊಡದೆ ಹೋದದ್ದಿಲ್ಲ.

"ಗೂಟದಾಗ ಹೆಂಗ ಗೊತ್ತಾಗ್ತೈತಿ? ಅದಕ್ಕ ಏನರ ಒಗದು ನೋಡ್ತಿದ್ವಿ. ಒಣಾ ಕಟಗಿ, ಹುಲ್ಲಿನ ಸಿವುಡು."

"ಇಲ್ಲೂ ಒಂದ ಒಗದು ನೋಡ್ರಿ. ಆಮ್ಯಾಲ ನಾ ಏನೂ ಅನ್ನಂಗಿಲ್ಲ."

"ಒಗೀರಿ ಅತ್ಲಾಗ," ಎಂದರು ಅತ್ತೆ. "ಆಕಿ ಮನಸಿಗೂ ಸಮಾಧಾನ ಆಗ್ಲಿ."

ಮರದ ಕೆಳಗೆ ಒಣಗಿದ ತೆಂಗಿನಕಾಯಿಗಳು ಬಿದ್ದಿದ್ದವು. ಮಾವ ಒಂದನ್ನು ಎತ್ತಿ, ತೋಳು ಬೀಸಿ ನಡುನೀರಿನ ಕಡೆಗೆ ಎಸೆದರು. ಅದು ಮುಳುಗಿ ಮೇಲೆದ್ದಿತು. ಎದ್ದದ್ದೇ ಹೊರಟಿತು.

"ಯವ್ವಾ, ಕಾಯಿಗೆ ಕಾಲು ಬಂದುವೇನ!" ಎಂದು ಅತ್ತೆ ನಕ್ಕರು.

ಮಾವ ನಗಲಿಲ್ಲ. ಕಾಲನ್ನು ದೋಣಿಯಿಂದ ತೆಗೆದು ದಂಡೆಗುಂಟ ಕಾಯಿಯ ಸರಿಸಮಕ್ಕೆ ನಡೆಯತೊಡಗಿದರು. ನಡಿಗೆ ಸಾಲದೆ ದಾಪುಗಾಲು ಹಾಕಿದರು, ಆಮೇಲೆ ಧೋತರ ಎತ್ತಿ ಹಿಡಿದು ಓಡಿದರು. ನಾನು ಹಿಂದೆ ಹೋದೆ. ಮರಳಿನ ದಂಡೆ ಮೊನೆಯಾಗಿ ಮುಗಿಯುವಲ್ಲಿ ಅವರು ನಿಂತರು. ಕಾಯಿ ನಮ್ಮನ್ನು ದಾಟಿ ಹೋಯಿತು. ಬಿಳಿಯ ಸಾಲಿನಲ್ಲಿ ಒಂದು ಸಲ ಎತ್ತರಕ್ಕೆ ಎದ್ದು ಕಂಡಿತು. ಅದರ ಮೇಲೆ ನೀರಿನ ಗೋಡೆಯೊಂದು ಮಗುಚಿತು. ಆಮೇಲೆ ಅದು ಕಾಣಲಿಲ್ಲ. ಮಾವ ಬಹಳ ಹೊತ್ತು ಕಣ್ಣಿಗೆ ಕೈ ಅಡ್ಡ ಹಿಡಿದು ಹುಡುಕಿದರು.

ನಾನು ಸ್ವಲ್ಪ ದೂರದಲ್ಲಿ ನಿಂತೆ. ಅವರ ಮೈಮೇಲಿನ ಜಾಕೆಟ್ಟು ಏದುಸಿರಿಗೆ ಏರಿಳಿಯುತ್ತಿತ್ತು.

"ಇಳಿಯೋ ನೀರು ಹಿಂಗ ಓಡ್ತೈತೇನು?" ಎಂದರು, ನನ್ನ ಕಡೆ ನೋಡದೆ.

"ಇಲ್ಲಿ ಹಂಗರಿ."

"ಮುಂಜಾನೆ ಏರೂವಾಗ ಬಿಟ್ಟಿದ್ರ?"

ಸುಳ್ಳು ಹೇಳಬಹುದಿತ್ತು. ಅವರು ಸುಳ್ಳನ್ನು ಗುರುತಿಸುತ್ತಿದ್ದರು. "ಒಳಗ ತಳ್ಳತಿತ್ತು ಅನಸ್ತೈತಿ. ಹಿಂದಕ್ಕ, ಹೊಳಿ ಕಡೆ."

ಅವರು ಮರಳಿನ ಮೇಲೆ ಕುಕ್ಕರಿಸಿದರು. "ಬಿಡಬೇಕಾದಾಗ ಬ್ಯಾಡಂದೆ. ಬಿಡಬಾರದಾಗ ಕುಂದರಿಸಿದೆ." ಹಿಂತಿರುಗಿ ಕಯಾಕಿನ ಕಡೆ ನೋಡಿ, "ಕೂಸನ್ನ ಮುಂದ ಕುಂದರಿಸಿದ್ದೆನಲ್ಲವ್ವ," ಎಂದರು.

ಅವರ ಕೈ ಮರಳನ್ನು ಹಿಡಿಯುತ್ತಿತ್ತು, ಬಿಡುತ್ತಿತ್ತು. ಮೂವತ್ತು ಮಂದಿಯ ಎದುರು ಮೆಣಸಿನಕಾಯಿಯ ಹರಾಜಿನ ಸವಾಲು ಕೂಗಿದ ಮನುಷ್ಯ, ಆಗ ನನಗೆ ಬಹಳ ಸಣ್ಣವರಾಗಿ ಕಂಡರು. ಗೆದ್ದೆನೆಂಬ ಭಾವನೆ ನನ್ನಲ್ಲಿ ಎಲ್ಲೂ ಇರಲಿಲ್ಲ. ಇಷ್ಟು ದಿನ ಇವರ ನಗೆಯ ಮೇಲೆ ಒರಗಿ ನಿಂತಿದ್ದೆ. ಅದೇ ಕುಸಿದ ಹಾಗಾಗಿತ್ತು.

"ಗೂಟ ನಾನೂ ನಂಬಿದ್ದೆರಿ," ಎಂದೆ. "ಜಾಕೆಟ್ಟಿನ ಪಟ್ಟಿ ಕಟ್ಟಿ ಕೊಟ್ಟಾಕಿ ನಾನ."

ಅವರು ಎದ್ದು ತಿರುಗಿ ಬಂದು ತಾವೇ ಸ್ನೇಹಾಳಿಗೆ ಹೇಳಿದರು. "ಇಳಿಯವ್ವ. ನಿಮ್ಮವ್ವ ಹೇಳಿದ್ದು ಖರೇ ಐತಿ. ನಂದ ತಪ್ಪಿತ್ತು."

ಸ್ನೇಹಾ ಅಜ್ಜನ ಮುಖ ನೋಡಿ ಇಳಿದಳು. ಯಜಮಾನರು ನನ್ನನ್ನು ಒಮ್ಮೆ ನೋಡಿ, ಕಯಾಕನ್ನು ಮೇಲಕ್ಕೆ ಎಳೆದರು.

ಮಧ್ಯಾಹ್ನವೆಲ್ಲ ಮಾವ ಒಬ್ಬರೇ ತೆಂಗಿನ ಮರಕ್ಕೆ ಒರಗಿ ನೀರು ನೋಡುತ್ತ ಕೂತರು. ಚಹಾಕ್ಕೆ ಕರೆದರೂ ಬರಲಿಲ್ಲ. ಯಜಮಾನರು ಎದ್ದು ಹೊರಟಾಗ ಅತ್ತೆ ತಡೆದರು. "ಕುಂದ್ರೋ ಪುಂಡಲೀಕ. ಹೆಂಗಸರ ಕೂಡ ವಾದ ಹಾಕಿ ಸೋತವರಲ್ಲ, ನೀರಿನ ಕೂಡ ಸೋತಾರ. ಅರಗಿಸಿಕೊಳ್ಳಾಕ ಹೊತ್ತು ಬೇಕು."

ಮರುದಿನ ಬೆಳಿಗ್ಗೆ ನಮ್ಮನ್ನು ಕರೆದೊಯ್ಯಲು ಟ್ರಾಕ್ಸ್ ಗಾಡಿ ಬರುವುದಿತ್ತು. ಬ್ಯಾಡಗಿಗೆ ಹೋದ ಮೇಲೆ ಈ ಮಾತನ್ನು ಯಾರೂ ಎತ್ತುವುದಿಲ್ಲವೆಂದು ನನಗೆ ಗೊತ್ತಿತ್ತು. ಮಾವ ಇನ್ನು ಹೊಳೆಯ ಕತೆಯನ್ನೂ ಹೇಳುವುದಿಲ್ಲ. ಸ್ನೇಹಾ ಕೇಳುವುದೂ ಇಲ್ಲ, ಅವರಿಗೆ ನೋವಾದೀತೆಂದು.

ಬಿಸಿಲು ಇಳಿಮುಖವಾದಾಗ ಅಳಿವೆಯ ಹೊಟ್ಟೆಯಲ್ಲಿ ಮರಳಿನ ದಿಬ್ಬಗಳು ಎದ್ದಿದ್ದವು. ನೀರು ಎಲ್ಲಿಗೂ ಹೋಗದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿತು. ನೀಲಿ ದೋಣಿ ಯಾವ ಕಡೆಗೂ ನಿಲ್ಲಲಾರದೆ ಅಡ್ಡಡ್ಡ ತಿರುಗಿತು, ಆಮೇಲೆ ನಿಧಾನವಾಗಿ ಮೂತಿಯನ್ನು ಕಡಲಿನ ಕಡೆ ಮಾಡಿತು. ಬಾಯಿಯಲ್ಲಿನ ಬಿಳಿಯ ಸಾಲು ಅಲ್ಲಲ್ಲಿ ಹರಿದು, ಕೊನೆಗೆ ಅಳಿಸಿಹೋಯಿತು. ಕಡಲಿನಿಂದ ತೆಳುವಾಗಿ ಗಾಳಿ ಬೀಸುತ್ತಿತ್ತು, ಅದೂ ಒಳಗಿನ ಕಡೆಗೆ. ನಾನೊಂದು ಒಣ ತೆಂಗಿನಗರಿ ಮುರಿದು ನೀರಿಗೆ ಹಾಕಿದೆ. ಅದು ನಾನು ನಡೆಯುವುದಕ್ಕಿಂತ ನಿಧಾನವಾಗಿ, ಹೊಳೆಯ ಮೇಲುಗಡೆಗೆ ತೇಲಿತು.

ತಲೆ ಎತ್ತಿದರೆ ಮಾವ ನನ್ನ ಪಕ್ಕದಲ್ಲಿ ನಿಂತಿದ್ದರು.

"ಈಗ ಹೆಂಗ ಪ್ರೇಮವ್ವ?"

ಅವರು ಚೇಷ್ಟೆ ಮಾಡುತ್ತಿರಲಿಲ್ಲ. ಕೇಳುತ್ತಿದ್ದರು. ಹಿಂದೆ ಸ್ನೇಹಾ, ಯಜಮಾನರು, ಅತ್ತೆ ಕೂಡ ಬಂದು ನಿಂತಿದ್ದರು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಬೇಡ ಎನ್ನುವುದು ನನಗೆ ರೂಢಿ. ಬೇಡ ಎಂದು ಹೇಳಿ ತಪ್ಪು ಮಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ. ಆಗದೆ ಹೋದದ್ದಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ. ಈಗ ಹೋಗಿ ಎಂದರೆ ಆಮೇಲೆ ಆಗುವುದೆಲ್ಲ ನನ್ನ ತಲೆಯ ಮೇಲೆ. ಮಾವ ಇಷ್ಟು ವರ್ಷ ಇದನ್ನು ಹೊತ್ತಿದ್ದರು, ತೆಪ್ಪದ ತುಂಬ ಜನರನ್ನು ಕೂರಿಸಿಕೊಂಡು. ಮತ್ತೊಮ್ಮೆ ನೀಲಿ ದೋಣಿ ನೋಡಿದೆ, ಕಡಲಿನ ಬಾಯಿ ನೋಡಿದೆ, ಗರಿ ಎಲ್ಲಿದೆ ನೋಡಿದೆ, ಸೂರ್ಯ ಎಷ್ಟೆತ್ತರ ಇದ್ದಾನೆ ನೋಡಿದೆ.

"ಆಚೆ ದಂಡಿಗೆ ಬ್ಯಾಡ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು. "ಈ ದಂಡಿಗುಂಟ, ಮ್ಯಾಲಿನ ಕಡೆ ಅಷ್ಟ. ನಡಮಟ ನೀರಿನ್ಯಾಗ. ನಾ ಕರದ ಕೂಡಲೆ ತಿರಗಬೇಕು."

"ಅಂದ್ರ?" ಎಂದಳು ಸ್ನೇಹಾ.

"ಅಂದ್ರ ಹೋಗ್ರಿ."

ಮಾವ ಒಂದು ಕ್ಷಣ ಹಿಂಜರಿದರು. "ಮೊದಲ ನಾ ಒಬ್ಬಾಂವ ಕುಂತು ನೋಡ್ಲೇನು?"

"ಬ್ಯಾಡ್ರಿ. ಇಬ್ಬರೂ ಕೂಡೆ ಹೋಗ್ರಿ."

ಮುಂದೆ ಸ್ನೇಹಾ, ಹಿಂದೆ ಮಾವ. ಯಜಮಾನರು ಮೊಣಕಾಲು ನೀರಿನ ತನಕ ತಳ್ಳಿ ಬಿಟ್ಟರು. ಕಯಾಕಿನ ಹುಟ್ಟಿಗೆ ಎರಡೂ ತುದಿಯಲ್ಲಿ ಹಲಗೆ. ಮಾವ ಅದನ್ನು ತೆಪ್ಪದ ಹುಟ್ಟಿನಂತೆ ಒಂದೇ ಕಡೆ ಹಾಕಿದರು. ಕಯಾಕ್ ಗರಗರ ತಿರುಗಿತು.

"ಅಜ್ಜಾ, ಎರಡೂ ಕಡೆ! ಎರಡೂ ಕಡೆ ಹಾಕು!" ಸ್ನೇಹಾ ಕಿರುಚಿ ನಕ್ಕಳು.

"ಒಂದ ಕಡೆ ಹಾಕಿ ಊರ ಮಂದೀನ ದಾಟಿಸೇನಿ, ನೀ ಏನ ಕಲಸ್ತೀದಿ ನನಗ?"

"ದಾಟಿಸಿದ್ರೋ, ತಿರಗಿಸಿದ್ರೋ?" ಎಂದು ದಂಡೆಯಿಂದ ಅತ್ತೆ ಕೂಗಿದರು.

ಇನ್ನೆರಡು ಸಲ ತಿರುಗಿ, ಆಮೇಲೆ ಅದು ನೆಟ್ಟಗೆ ಹೊರಟಿತು. ನಾನು ಅವರ ಸರಿಸಮಕ್ಕೆ ದಂಡೆಗುಂಟ ನಡೆಯುತ್ತಿದ್ದೆ. ಒಂದು ಕಣ್ಣು ಅವರ ಮೇಲೆ, ಒಂದು ಕಣ್ಣು ಕಡಲಿನ ಬಾಯಿಯ ಮೇಲೆ. ಅಂಜಿಕೆ ಹೋಗಿರಲಿಲ್ಲ, ಹೋಗಲೆಂದು ನಾನೂ ಬಯಸಲಿಲ್ಲ. ಸೀರೆಯ ಅಂಚು ನೆನೆದು ಭಾರವಾದ ಮೇಲೆಯೇ ನಾನೂ ನೀರಿನೊಳಗೆ ನಡೆಯುತ್ತಿದ್ದೇನೆಂದು ತಿಳಿದದ್ದು.

ದಂಡೆ ಬಾಗುವಲ್ಲಿ ಮಾವ ಹುಟ್ಟು ಎತ್ತಿ ಹಿಡಿದು ನಿಲ್ಲಿಸಿದರು.

"ಪ್ರೇಮವ್ವ," ಎಂದು ಕೂಗಿದರು, "ಇನ್ನೊಂದೀಟು ಹೋಗ್ಲೇನು?"

ನಾನು ನಿಂತು ನೀರು ನೋಡಿದೆ. ಅವರು ಅವಸರ ಮಾಡದೆ ಕಾದರು.

"ಹೋಗ್ರಿ," ಎಂದೆ. "ಇನ್ನೊಂದೀಟು."